ಎರಡು ಟಿಕ್ಕು, ಒಂದು ಚಿಲಕ

ನನ್ನ ಮೇಜಿನ ಮೇಲೆ, ಕೀಬೋರ್ಡಿನ ಪಕ್ಕದಲ್ಲಿ, ಒಂದು ಅಲ್ಯೂಮಿನಿಯಂ ಚಿಲಕ ಇದೆ. ಡೊಂಕಾಗಿದೆ. ಸ್ಕ್ರೂಗಳು ಇನ್ನೂ ಅದಕ್ಕೇ ಕಚ್ಚಿಕೊಂಡಿವೆ, ಅವುಗಳ ಎಳೆಗಳಲ್ಲಿ ಬಿಳಿ ಪ್ಲಾಸ್ಟಿಕ್ಕಿನ ಚೂರುಗಳಿವೆ. ನನ್ನ ಗಂಡ ಗಿರೀಶ ಮೇಜು ಒರೆಸುವ ಉತ್ಸಾಹದಲ್ಲಿ ಅದನ್ನು ಕಸದ ಬುಟ್ಟಿಗೆ ಹಾಕಿದ್ದ. ನಾನು ತೆಗೆದು ತಂದು ಮತ್ತೆ ಅಲ್ಲೇ ಇಟ್ಟೆ. "ಏನಿದು, ಪೇಪರ್‌ವೇಟೇನು?" ಎಂದು ಕೇಳಿದ. ಹೌದು ಅಂದೆ. ಈಗಿನ ಕಾಲದಲ್ಲಿ ಯಾರ ಮೇಜಿನ ಮೇಲೆ ಪೇಪರ್ ಹಾರುತ್ತದೆ, ಹೇಳಿ.

ಹಾಗೆ ನೋಡಿದರೆ ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸವೂ ಚಿಲಕಗಳದ್ದೇ. ಇದನ್ನು ಕೇಳಿದರೆ ನಮ್ಮಮ್ಮ, ಇಂಜಿನಿಯರಿಂಗ್ ಓದಿ ಬೀಗ ರಿಪೇರಿಯ ಅಂಗಡಿ ಇಟ್ಟೆಯಾ ಎಂದು ನಗುತ್ತಾಳೆ. ಕಂಪ್ಯೂಟರಿನೊಳಗೆ ಎಲ್ಲಕ್ಕೂ ತಳದಲ್ಲಿ ಕುಳಿತು ಇಡೀ ಸಂಸಾರ ತೂಗಿಸುವ ಒಂದು ಪ್ರೋಗ್ರಾಂ ಇರುತ್ತದೆ. ಕರ್ನಲ್ ಎಂದು ಅದರ ಹೆಸರು. ಅದರಲ್ಲಿ ನೆಟ್‌ವರ್ಕಿನ ಭಾಗದ ಒಂದು ಮೂಲೆ ನನ್ನದು. ಹೊರಗಿನಿಂದ ಒಂದು ಸಂದೇಶ ಬರುತ್ತದೆ. ಇದು ಯಾರಿಗೆ, ಯಾವ ದಾರಿಯಲ್ಲಿ ಹೋಗಬೇಕು ಎಂದು ನೋಡಿ ಸರಿಯಾದ ಸಾಲಿನಲ್ಲಿ ನಿಲ್ಲಿಸಬೇಕು. ಒಂದೇ ಸಾಲಿಗೆ ಇಬ್ಬರು ಒಟ್ಟಿಗೆ ಕೈ ಹಾಕಿದರೆ ಎಲ್ಲ ಕಲಸುಮೇಲೋಗರ. ಅದಕ್ಕೇ ಸಾಲಿಗೊಂದು ಬೀಗ. ಬೀಗ ಹಾಕಿಕೊಂಡವರು ಚುರುಕಾಗಿ ಕೆಲಸ ಮುಗಿಸಿ ಹೊರಬರಬೇಕು, ಒಳಗೆ ನಿದ್ದೆ ಹೋಗಬಾರದು. ಹೊರಗೆ ಕಾಯುವವರೂ ಅಷ್ಟೇ, ಕೂತು ತೂಕಡಿಸುವ ಹಾಗಿಲ್ಲ, 'ಆಯ್ತಾ? ಆಯ್ತಾ?' ಎನ್ನುತ್ತ ಬಾಗಿಲಲ್ಲೇ ಸುತ್ತುತ್ತಿರಬೇಕು. ಒಂದೇ ಬಚ್ಚಲಿದ್ದ ವಠಾರದಲ್ಲಿ ಬೆಳೆದವರಿಗೆ ಇದನ್ನು ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ.

ನಾನು ಅಂಥ ವಠಾರದವಳೇ. ಅರಸೀಕೆರೆಯಲ್ಲಿ ನಮ್ಮದು ಸಾಲುಮನೆ, ಆ ಸಾಲಿನಲ್ಲಿ ಮಾತುಗಳನ್ನು ಮನೆಯಿಂದ ಮನೆಗೆ ಒಯ್ಯುವುದು ನನ್ನ ಕೆಲಸ. "ಹೋಗಿ ಪದ್ಮಕ್ಕಂಗೆ ಹೇಳು, ಹೆಪ್ಪಿಗೆ ಒಂದು ಚಮಚ ಮೊಸರು ಬೇಕಂತೆ" ಎಂದು ಅಜ್ಜಿ ಅಟ್ಟುತ್ತಿದ್ದಳು. 'ಹೆಪ್ಪಿಗೆ ಮೊಸರು, ಹೆಪ್ಪಿಗೆ ಮೊಸರು' ಎಂದು ಹೇಳಿಕೊಳ್ಳುತ್ತ ಓಡುತ್ತಿದ್ದೆ. ನಡುವೆ ಬೇಲಿಯ ಮೇಲೊಂದು ಓತಿಕ್ಯಾತ ತಲೆಯಾಡಿಸಿದರೆ ಮೊಸರು ಅಲ್ಲೇ ಚೆಲ್ಲಿಹೋಗುತ್ತಿತ್ತು. ಹೇಳಿ ಬಂದೆ ಎಂದರೂ ಅಜ್ಜಿಗೆ ಸಾಲದು. "ಏನಂದ್ರು?" ಎಂದು ಕೇಳುತ್ತಿದ್ದಳು. "ಏನೂ ಅನ್ಲಿಲ್ಲ" ಎಂದರೆ, "ಹಂಗಾದ್ರೆ ಗೋಡೆಗೆ ಹೇಳಿ ಬಂದಿದೀಯ. ನಡಿ ವಾಪಸ್" ಎನ್ನುತ್ತಿದ್ದಳು. ಮುಂದೆ ಕಾಲೇಜಿನಲ್ಲಿ ಮೇಷ್ಟ್ರು ಇದನ್ನೇ ಬೋರ್ಡಿನ ತುಂಬ ಬಾಣಗಳನ್ನು ಬರೆದು ಕಲಿಸಿದಾಗ ನನಗೆ ಹೊಸದೇನೂ ಅನ್ನಿಸಲಿಲ್ಲ. ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ನಾನೂ ಅದನ್ನೇ ಹೇಳುತ್ತೇನೆ. ಕಳಿಸಿದವನಿಗೆ 'ಸರಿ' ಎಂದು ಉತ್ತರ ಬಂತೆಂದರೆ ಸಂದೇಶ ಸಾಲಿಗೆ ಸೇರಿತು ಎಂದಷ್ಟೇ ಅರ್ಥ, ಮುಟ್ಟಬೇಕಾದವರಿಗೆ ಮುಟ್ಟಿತು ಎಂದಲ್ಲ. ಈ ಮಾತನ್ನು ಬಹಳ ಗತ್ತಿನಿಂದ ಹೇಳುತ್ತಿದ್ದೆ.

ಮದುವೆಯಾಗಿ ನಾಗಪುರಕ್ಕೆ ಬಂದೆ. ಪ್ರತಾಪ ನಗರದ ಈ ಮನೆಯನ್ನು ಮಾವ ಆರ್ಡ್ನನ್ಸ್ ಫ್ಯಾಕ್ಟರಿಯ ನೌಕರಿಯಲ್ಲಿದ್ದಾಗ ಕಟ್ಟಿಸಿದ್ದು. ಅತ್ತೆ ಮಾವ ಇಬ್ಬರೂ ಗದಗಿನ ಕಡೆಯವರು. ಗಿರೀಶ ಇಲ್ಲೇ ಹುಟ್ಟಿದವನು, ಊರಂಚಿನ ವಾಡಿಯ ಒಂದು ಗೋದಾಮಿನಲ್ಲಿ ಮ್ಯಾನೇಜರು; ಕನ್ನಡವನ್ನು ಚೆನ್ನಾಗಿ ಮಾತಾಡುತ್ತಾನೆ, ಓದುವಾಗ ಮಾತ್ರ ಅಕ್ಷರದ ಕೆಳಗೆ ಬೆರಳಿಟ್ಟುಕೊಳ್ಳುತ್ತಾನೆ. ನಾನು ಬೆಂಗಳೂರಿನ ಕೆಲಸವನ್ನೇ ಇಲ್ಲಿ ಮಹಡಿಯ ಕೋಣೆಯಲ್ಲಿ ಕುಳಿತು ಮಾಡುತ್ತೇನೆ.

ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಪಡಸಾಲೆಯಲ್ಲಿ ನಾವು ಮೂವರೇ ಕೂತಿದ್ದೆವು. ಅತ್ತೆ ನನ್ನ ಕಡೆ ತಿರುಗಿ, "ರೋಹಿಣೀ, ಅವರಿಗೆ ಹೇಳು, ಚಹಾ ಆರಾಕತ್ತೈತಿ" ಎಂದರು. 'ಅವರು' ಎದುರಿನ ಕುರ್ಚಿಯಲ್ಲೇ ಪೇಪರ್ ಓದುತ್ತಿದ್ದರು. ಇಬ್ಬರ ನಡುವೆ ಜಗಳವಾಗಿದೆ ಎಂದುಕೊಂಡು ನಾನು ಮೆಲ್ಲಗೆ, "ಮಾವ, ಚಹಾ ಆರ್ತಿದೆಯಂತೆ" ಅಂದೆ. ಮಾವ ಪೇಪರಿನ ಹಿಂದಿನಿಂದ, "ನಿಮ್ಮತ್ತಿಗೆ ಹೇಳವಾ, ಇನ್ನೂ ನಾಲಿಗಿ ಸುಡತೈತಿ" ಎಂದರು. ನಾನು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದೆ. ಜಗಳದ ಸುಳಿವೂ ಇರಲಿಲ್ಲ.

ಆಮೇಲೆ ಗಿರೀಶ ವಿವರಿಸಿದ. ಗದಗಿನ ದೊಡ್ಡ ಕುಟುಂಬದಲ್ಲಿ ಹಿರಿಯರ ಎದುರು ಗಂಡನ ಜೊತೆ ಮಾತಾಡುವ ಹಾಗಿರಲಿಲ್ಲವಂತೆ. ಏನಿದ್ದರೂ ಮನೆಯ ಮಕ್ಕಳ ಬಾಯಲ್ಲಿ ಹೇಳಿಸಬೇಕು. ಹಿರಿಯರು ಹೋದರು, ಊರು ಬಿಟ್ಟು ನಾಗಪುರಕ್ಕೆ ಬಂದೂ ಆಯಿತು, ರೂಢಿ ಮಾತ್ರ ಸಾಮಾನಿನ ಜೊತೆ ಲಾರಿಯಲ್ಲಿ ಬಂದುಬಿಟ್ಟಿತು. ಮನೆಯಲ್ಲಿ ಮೂರನೆಯವರು ಇಲ್ಲದಿದ್ದರೆ ಅತ್ತೆ ಕುಕ್ಕರಿಗೆ ಹೇಳುತ್ತಾರೆ: "ಈ ಮನ್ಯಾಗ ಯಾರಿಗೋ ಬಿ.ಪಿ. ಗುಳಿಗಿ ನೆನಪ ಇದ್ದಂಗಿಲ್ಲ." ಮಾವ ಪಡಸಾಲೆಯಿಂದ ಪೇಪರಿಗೆ ಉತ್ತರ ಕೊಡುತ್ತಾರೆ: "ತಗೊಂಡೇವಿ, ತಗೊಂಡೇವಿ."

"ಮೊದಲ ನಾ ಇದ್ದೆ ಈ ಮನಿ ರೂಟರ್," ಎಂದ ಗಿರೀಶ. "ಈಗ ಹೊಸಾ ಮಾಡೆಲ್ ಬಂದೈತಿ. ಜಲ್ದಿ ಕೆಲಸ ಮಾಡತೈತಿ."

ಇಬ್ಬರೂ ಸೋದರ ಸಂಬಂಧದವರು, ಒಟ್ಟಿಗೆ ಆಡಿ ಬೆಳೆದವರು ಎಂಬುದನ್ನು ಹೇಳಿದ್ದು ಮಾವ. ಗುಲಾಬಿ ಕುಂಡಕ್ಕೆ ನೀರು ಹಾಕುತ್ತ, ಅತ್ತೆ ಒಳಗಿದ್ದಾರೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿ ಹೇಳಿದರು. "ಸಣ್ಣಾಕಿ ಇದ್ದಾಗ ನಿಮ್ಮತ್ತಿ ನನಗ ಏನ ಅಂತಿದ್ಲು ಗೊತ್ತೇನು? ರಾಘ್ಯಾ! ಬೆಲ್ಲ ಕದ್ದಕೊಂಡು ನಾ ಕೋಲ್ಯಾಗ ಒಳಗಿಂದ ಅಗಳಿ ಹಾಕ್ಕೊಂಡು ಕುಂದರತಿದ್ದೆ. ಈಕಿ ಹೊರಗ ನಿಂತು ಬಾಗಿಲಾ ಬಡದು ಬಡದು, ರಾಘ್ಯಾ, ಬಾಗಿಲಾ ತಗೀ ಅಂತ ಓಣಿ ಮಂದಿನೆಲ್ಲಾ ಕೂಡಸತಿದ್ಲು."

"ಮತ್ತೆ ಈಗ ಯಾಕೆ ಮಾವ ಹೆಸರು ಹಿಡಿದು ಕರೆಯಲ್ಲ?"

"ಲಗ್ನ ಆತಲ್ಲವಾ," ಎಂದರು, ಇದೇನು ಕೇಳುವ ಪ್ರಶ್ನೆಯೇ ಎಂಬಂತೆ.

ನನಗೆ ಇದೆಲ್ಲ ತಮಾಷೆಯಾಗಿತ್ತು. ಆಫೀಸಿನ ಮೀಟಿಂಗುಗಳಲ್ಲಿ ಅತ್ತೆ ಮಾವನನ್ನು ಉದಾಹರಣೆಯಾಗಿ ಇಟ್ಟುಕೊಂಡು ಸಂದೇಶದ ದಾರಿ ವಿವರಿಸಿ ಜನರನ್ನು ನಗಿಸಿದ್ದೇನೆ. ಆ ನಗು ಈಗ ಕಿವಿಯಲ್ಲಿ ಕೇಳಿದರೆ ಮುಖ ಬಿಸಿಯಾಗುತ್ತದೆ.

ತಮಾಷೆ ಹಳತಾದ ಮೇಲೆ ಸೋಮಾರಿತನ ಬಂತು. ದಿನಕ್ಕೆ ಎಷ್ಟು ಸಲ ಮಹಡಿ ಇಳಿಯುವುದು? ಮಾವನಿಗೆ ಫೋನಿನಲ್ಲಿ ಮೆಸೇಜು ನೋಡುವುದನ್ನು ಕಲಿಸಿದೆ. ಅಂದಿನಿಂದ ಅತ್ತೆ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದರೆ ನಾನು ಮೇಲಿನಿಂದಲೇ ಕನ್ನಡದಲ್ಲಿ ಟೈಪು ಮಾಡಿ ಕಳಿಸುತ್ತಿದ್ದೆ. ಅದು ಯಾವುದೋ ಊರಿನ ಯಾವುದೋ ಯಂತ್ರಕ್ಕೆ ಹೋಗಿ, ತಿರುಗಿ ಬಂದು, ಅತ್ತೆಯಿಂದ ನಾಲ್ಕು ಮಾರು ದೂರದಲ್ಲಿ ಕೂತ ಮಾವನ ಜೇಬಿನಲ್ಲಿ ಟಿಣ್ ಎನ್ನುತ್ತಿತ್ತು. ಮಾವ ಕನ್ನಡಕ ಏರಿಸಿ ಓದಿ 'ಹೂಂ' ಎಂದು ಬರೆಯುತ್ತಿದ್ದರು, ಜೊತೆಗೊಂದು ಕೈಮುಗಿದ ಚಿತ್ರ. ಮಳೆಗಾಲವೆಲ್ಲ ಹೀಗೇ ಚೆನ್ನಾಗಿ ನಡೆಯಿತು.

ಚಳಿಗಾಲ ಬಂತು. ಇಲ್ಲಿನ ಬೇಸಿಗೆಯ ಬಗ್ಗೆ ಎಲ್ಲರೂ ಹೇಳುತ್ತಾರೆ, ಡಿಸೆಂಬರಿನ ಬೆಳಗಿನ ಚಳಿಯ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ. ಕೆಳಗಿನ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಇತ್ತು. ಅದರ ಮೇಲಿನ ಕಿಂಡಿಯ ಗಾಜುಗಳು ಒಡೆದು ಪಾರಿವಾಳಗಳು ಒಳಗೇ ಸಂಸಾರ ಹೂಡಲು ನೋಡುತ್ತಿದ್ದವು. ಜಾಲರಿ ಹಾಕುವವನು ಇವತ್ತು ನಾಳೆ ಎನ್ನುತ್ತಿದ್ದ. ಅತ್ತೆಗೆ ಸಾಕಾಗಿ, ಅಂದು ಬೆಳಿಗ್ಗೆ ಹಳೆಯ ಫ್ಲೆಕ್ಸಿನ ತುಂಡೊಂದನ್ನು ಕಿಂಡಿಗೆ ಹೊರಗಿನಿಂದ ಬಿಗಿಯಾಗಿ ಹೊಡೆದರು. ಗಾಳಿಯಿಲ್ಲದ ಕಡೆ ಗ್ಯಾಸ್ ಉರಿಸಬಾರದೆಂದು ಅವರಿಗೆ ಗೊತ್ತಿತ್ತು. ಮೆಟ್ಟಿಲ ಬುಡಕ್ಕೆ ಬಂದು ಕೂಗಿದರು.

"ರೋಹಿಣೀ, ಅವರಿಗೆ ಹೇಳು, ಇವತ್ತ ಗೀಸರ್ ಹಚ್ಚಬ್ಯಾಡಂತ. ಕಿಂಡಿ ಮುಚ್ಚೇನಿ. ನೀರು ಒಲಿ ಮ್ಯಾಲ ಇಟ್ಟೇನಿ, ಬಕೀಟಿಗೆ ಹಾಕಿ ಕೊಡ್ತೀನಿ."

"ಹೇಳ್ತೀನಿ ಅತ್ತೆ."

ಆಗ ನನ್ನ ಮುಂದೆ ಒಂದು ಜಟಿಲವಾದ ತೊಡಕಿತ್ತು. ಎರಡು ಸಾಲು, ಎರಡು ಬೀಗ. ಒಬ್ಬ ಮೊದಲನೆಯ ಬೀಗ ಹಿಡಿದು ಎರಡನೆಯದಕ್ಕೆ ಕಾಯುತ್ತಾನೆ. ಇನ್ನೊಬ್ಬ ಎರಡನೆಯದನ್ನು ಹಿಡಿದು ಮೊದಲನೆಯದಕ್ಕೆ ಕಾಯುತ್ತಾನೆ. ಇಬ್ಬರೂ ತಮ್ಮದನ್ನು ಬಿಡುವುದಿಲ್ಲ, ಇಬ್ಬರೂ ಕದಲುವುದಿಲ್ಲ. ಹೊರಗಿನಿಂದ ನೋಡಿದರೆ ಯಂತ್ರ ಬದುಕಿದೆ, ಫ್ಯಾನು ತಿರುಗುತ್ತಿದೆ, ಆದರೆ ಕರೆದರೆ ಓಗೊಡುವುದಿಲ್ಲ. ಇದನ್ನು ಸಹೋದ್ಯೋಗಿಗಳಿಗೆ ತೋರಿಸಲು ಚಿತ್ರ ಬರೆಯುತ್ತಿದ್ದೆ. ನಡುವೆ ಫೋನು ತೆಗೆದು ಮಾವನಿಗೆ ಮೆಸೇಜು ಕಳಿಸಿ, ಫೋನನ್ನು ಹಾಸಿಗೆಯ ಮೇಲೆಸೆದು ಮತ್ತೆ ಚಿತ್ರಕ್ಕೆ ಬಾಗಿದೆ.

"ಹೇಳಿದ್ಯಾ?" ಕೆಳಗಿನಿಂದ ಅತ್ತೆ.

"ಹೂಂ ಅತ್ತೆ, ಹೇಳಿದೆ."

ಅಜ್ಜಿಯಾಗಿದ್ದರೆ 'ಏನಂದ್ರು?' ಎನ್ನುತ್ತಿದ್ದಳು. ಅತ್ತೆ ಕೇಳಲಿಲ್ಲ. ಅವರಿಗೆ ನನ್ನ ಮೇಲೆ ಅಷ್ಟು ನಂಬಿಕೆ.

ಮಾವನ ಫೋನು ಫ್ರಿಜ್ಜಿನ ಮೇಲೆ ಚಾರ್ಜಿಗೆ ಬಿದ್ದಿತ್ತು. ಅತ್ತೆ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಾಗ ಮಾವ ವಾಕಿಂಗಿನಿಂದ ಬಂದವರು ಟವೆಲ್ ಹೆಗಲಿಗೆ ಹಾಕಿಕೊಂಡು ನೇರ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡರು. ಇದು ಆಮೇಲೆ ಜೋಡಿಸಿಕೊಂಡ ಕತೆ. ಆಗ ನನಗೆ ಕೇಳಿಸಿದ್ದು ಅತ್ತೆಯ ದನಿ ಮಾತ್ರ.

"ರೋಹಿಣೀ, ಕೆಳಗ ಬಾ. ಜಲ್ದಿ ಬಾ!"

ಇಳಿದು ಹೋದೆ. ಅತ್ತೆ ಬಾತ್‌ರೂಮಿನ ಮುಂದೆ ನಿಂತಿದ್ದರು. ಒಳಗೆ ನಲ್ಲಿ ಸುರಿಯುತ್ತಿತ್ತು, ಬಕೆಟ್ಟು ತುಂಬಿ ಹೊರಚೆಲ್ಲುವ ಸದ್ದು, ಅದರ ಹಿಂದೆ ಗೀಸರಿನ ಗುಂಯ್ ಎನ್ನುವ ಉರಿ. ಮಾವ ಸ್ನಾನ ಮಾಡುವಾಗ ಮನೆಗೆಲ್ಲ ಕೇಳುವಂತೆ ಭಜನೆ ಹೇಳುತ್ತಾರೆ. ಭಜನೆ ಇರಲಿಲ್ಲ.

"ಕೂಗಿ ಹೇಳವಾ, ಬಾಗಿಲಾ ತಗೀರಿ ಅಂತ," ಎಂದರು ಅತ್ತೆ.

ಸ್ನಾನಕ್ಕೆ ಹೋದ ಮಾವನ ಬಾಗಿಲಲ್ಲಿ ನಿಂತು ಸೊಸೆ ಕೂಗುವುದು! "ನೀವೇ ಕೂಗಿ ಅತ್ತೆ," ಅಂದೆ.

"ನೀ ಕೂಗು."

"ಮಾವ..." ಅಂದೆ. ಆನ್‌ಲೈನ್ ಮೀಟಿಂಗಿನಲ್ಲಿ 'ನನ್ನ ದನಿ ಕೇಳಿಸ್ತಿದೆಯಾ' ಎಂದು ಕೇಳುವಷ್ಟು ಮೆತ್ತಗೆ. ಆಮೇಲೆ ಅತ್ತೆಯ ಮುಖ ನೋಡಿದೆ. ಅತ್ತೆ ನನ್ನ ಮುಖ ನೋಡಿದರು. ಅವರು ನನ್ನ ಬಾಯಿಗೆ ಕಾಯುತ್ತಿದ್ದರು, ನಾನು ಅವರ ಬಾಯಿಗೆ ಕಾಯುತ್ತಿದ್ದೆ. ಎರಡು ಬೀಗಗಳ ಆ ಚಿತ್ರ ಆಗಷ್ಟೇ ನಾನೇ ಬರೆದದ್ದು, ಮೇಲೆ ಪರದೆಯ ಮೇಲೆ ಇನ್ನೂ ತೆರೆದೇ ಇತ್ತು. ಇವತ್ತಿಗೂ ತರಕಾರಿ ಹೆಚ್ಚುವಾಗ, ಸ್ಕೂಟರಿನಲ್ಲಿ ಸಿಗ್ನಲ್ಲಿಗೆ ನಿಂತಾಗ, ನಾನು ಆ ಬಾಗಿಲ ಮುಂದೆ ಹೋಗಿ ನಿಲ್ಲುತ್ತೇನೆ. ನೀರು ಚೆಲ್ಲುತ್ತಿರುತ್ತದೆ. ಪ್ರತಿ ಸಲವೂ ಕಾಲೆತ್ತಿ ಒದೆಯಬೇಕೆಂದುಕೊಳ್ಳುತ್ತೇನೆ. ನೆನಪಿನಲ್ಲಿ ಕೂಡ ಕಾಲು ಏಳುವುದಿಲ್ಲ.

"ಹೇಳಿದ್ದೆ ಅಲ್ಲ ನೀ, ಹಚ್ಚಬ್ಯಾಡಂತ?" ಎಂದರು ಅತ್ತೆ.

"ಹೇಳಿದ್ದೆ ಅತ್ತೆ. ಒಂದ್ನಿಮಿಷ, ಬಂದೆ," ಎಂದು ನಾನು ಮೆಟ್ಟಿಲು ಹತ್ತಿ ಓಡಿದೆ.

ಯಾಕೆ ಓಡಿದೆ ಗೊತ್ತೆ? ಫೋನು ನೋಡಲು. ಯಂತ್ರ ಸ್ತಬ್ಧವಾದರೆ ಮುಟ್ಟುವ ಮೊದಲು ಅದು ಕೊನೆಗೆ ಏನು ಬರೆದಿದೆ ಎಂದು ನೋಡಬೇಕೆನ್ನುವುದು ನಮ್ಮ ಕಸುಬಿನ ಶಿಸ್ತು. ಒಳ್ಳೆಯ ಶಿಸ್ತು, ಯಂತ್ರಗಳ ಮಟ್ಟಿಗೆ. ಆದರೆ ಶಿಸ್ತಿನ ಮೇಲೆ ಭಾರ ಹಾಕಿ ನಾನು ತಪ್ಪಿಸಿಕೊಳ್ಳುವ ಹಾಗಿಲ್ಲ. ನಾನು ಹೇಳಿದ್ದೇನೆ ಎನ್ನುವುದಕ್ಕೆ ನನಗೊಂದು ಸಾಕ್ಷಿ ಬೇಕಿತ್ತು. ಒಳಗೊಂದು ಜೀವ ಹೋಗುತ್ತಿರಬಹುದಾದ ಹೊತ್ತಿನಲ್ಲಿ ನಾನು ಹುಡುಕುತ್ತಿದ್ದದ್ದು ಅದನ್ನು.

ಸಾಕ್ಷಿ ಸಿಕ್ಕಿತು. ನನ್ನ ಮೆಸೇಜಿನ ಕೆಳಗೆ ಬೂದು ಬಣ್ಣದ ಎರಡು ಟಿಕ್ಕು. ಫೋನಿಗೆ ಮುಟ್ಟಿದೆ, ಯಾರೂ ಓದಿಲ್ಲ.

ಆಗ ಕೆಳಗಿನಿಂದ ಒಂದು ಕೂಗು ಬಂತು. ಕೀರಲು, ಚೂಪಾದ ದನಿ, ಜಗಳಕ್ಕೆ ನಿಂತ ಪೋರಿಯದ್ದರಂತೆ.

"ರಾಘ್ಯಾ! ಬಾಗಿಲಾ ತಗೀ! ಏ ರಾಘ್ಯಾ!"

ನಮ್ಮ ಮನೆಯಲ್ಲಿ ಯಾರ ದನಿ ಇದು ಎಂದು ಫೋನು ಹಿಡಿದುಕೊಂಡೇ ಯೋಚಿಸಿದೆ. ಧಡ್ ಎಂದು ಸದ್ದಾಯಿತು.

ಕೆಳಗೆ ಬಂದಾಗ ಬಾಗಿಲು ತೆರೆದಿತ್ತು. ಪ್ಲಾಸ್ಟಿಕ್ ಬಾಗಿಲು ನೋಡಿ, ಅದಕ್ಕೊಂದು ಜುಜುಬಿ ಚಿಲಕ. ಜೋರಾಗಿ ಒಮ್ಮೆ ತಳ್ಳಿದರೆ ಸಾಕಿತ್ತು. ಕಂಬಿ ಹಿಡಿಯದೆ ಒಂದು ಮೆಟ್ಟಿಲೂ ಹತ್ತಲಾರದ, ಮಂಡಿನೋವಿನ ಅತ್ತೆ ತಳ್ಳಿದ್ದರು. ಒದ್ದೆ ನೆಲದ ಮೇಲೆ ಕೂತು, ಮಾವನ ಕಂಕುಳಿಗೆ ಕೈ ಹಾಕಿ ಹೊರಗೆ ಎಳೆಯುತ್ತಿದ್ದರು. ಮಾವನ ತಲೆ ಒಂದು ಕಡೆ ವಾಲಿತ್ತು.

"ಗ್ಯಾಸ್ ಬಂದ್ ಮಾಡು! ಕಾಲ ಹಿಡಿ!"

ಅಷ್ಟನ್ನು ಮಾಡಿದೆ. ಇಬ್ಬರೂ ಸೇರಿ ಮಾವನನ್ನು ಅಂಗಳಕ್ಕೆ ಎಳೆದೆವು, ಮೇಲೆ ಚಾದರ ಹೊದಿಸಿದೆವು. ಎದುರು ಮನೆಯ ಕಾಕಾ ಗೇಟಿನಿಂದಲೇ "ಕಾಯ್ ಝಾಲಂ ವಹಿನೀ?" ಎನ್ನುತ್ತ ಏನಾಯಿತೆಂದು ಕೇಳಿದವರು, ಮಾವನನ್ನು ಕಂಡು ಉತ್ತರಕ್ಕೂ ಕಾಯದೆ "ಥಾಂಬಾ, ಗಾಡಿ ಕಾಢತೊ" ಎಂದು ಕಾರು ತೆಗೆಯಲು ಓಡಿದರು. ಕಾರಿಗೆ ಹತ್ತಿಸುವಾಗ ಮಾವ ಒಮ್ಮೆ ನರಳಿದರು. ಅಷ್ಟು ಇಂಪಾದ ನರಳಾಟವನ್ನು ನಾನು ಕೇಳಿಲ್ಲ.

ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿದರು. ಗೀಸರಿನ ಉರಿ ಕೋಣೆಯ ಗಾಳಿಯನ್ನು ತಿಂದು ವಾಸನೆಯೇ ಇಲ್ಲದ ವಿಷವನ್ನು ಬಿಟ್ಟಿರುತ್ತದಂತೆ. ಯುವ ಡಾಕ್ಟರು ಹೊರಬಂದು, "ದರ್‌ವಾಜಾ ಕಿಸ್ನೆ ತೋಡಾ?" ಎನ್ನುತ್ತ ಬಾಗಿಲು ಒಡೆದವರು ಯಾರೆಂದು ಕೇಳಿದರು. ಅತ್ತೆ ಬೈಗುಳಕ್ಕೆ ಸಿದ್ಧವಾದವರ ಹಾಗೆ, "ಮೈನೆ" ಎಂದರು. "ಬಹುತ್ ಅಚ್ಛಾ ಕಿಯಾ ಮಾಜೀ. ಥೋಡೀ ದೇರ್ ಔರ್ ಹೋತೀ ತೋ..." ಎಂದು ಡಾಕ್ಟರು ವಾಕ್ಯವನ್ನು ಅಲ್ಲಿಗೇ ಬಿಟ್ಟು ಹೋದರು. ಒಳ್ಳೆಯದು ಮಾಡಿದಿರಿ, ಇನ್ನು ಸ್ವಲ್ಪ ತಡವಾಗಿದ್ದರೆ. ಉಳಿದರ್ಧವನ್ನು ನಾನು ದಿನಾ ಪೂರ್ತಿ ಮಾಡುತ್ತಿರುತ್ತೇನೆ.

ಕಾರಿಡಾರಿನ ಬೆಂಚಿನ ಮೇಲೆ ನಾವಿಬ್ಬರೇ ಉಳಿದೆವು. ಅತ್ತೆಯ ಸೀರೆಯ ಅಂಚು ಇನ್ನೂ ತೊಟ್ಟಿಕ್ಕುತ್ತಿತ್ತು.

"ಮ್ಯಾಲ ಫೋನ್ ನೋಡಾಕ ಹೋಗಿದ್ಯಾ?"

"ಹೂಂ."

"ಏನಿತ್ತು ಅದರಾಗ?"

"ಎರಡು ಟಿಕ್ಕು."

"ಹಂಗಂದ್ರ?"

"ಮುಟ್ಟಿದೆ ಅಂತ ಅತ್ತೆ."

"ಯಾರಿಗೆ?"

"ಫೋನಿಗೆ," ಅಂದೆ.

ಅತ್ತೆ ಸೀರೆಯ ಅಂಚು ಹಿಂಡಿದರು. "ಫೋನಿನ್ಯಾಗ ಹಾಕಿದ್ರ ಹೇಳಿದಂಗ ಆಗತೈತೇನು? ನನಗ ಗೊತ್ತಿಲ್ಲವಾ ನಿಮ್ಮ ಕಾಲದ್ದು," ಎಂದರು. ಅದರಲ್ಲಿ ಚುಚ್ಚುಮಾತಿನ ಮೊನೆಯೇನಾದರೂ ಇದೆಯೇ ಎಂದು ಹುಡುಕಿದೆ, ಇದ್ದಿದ್ದರೆ ಹಿಡಿದುಕೊಂಡು ಅಳಬಹುದಿತ್ತು. ಇರಲಿಲ್ಲ. ಅವರು ನಿಜವಾಗಿ ಕೇಳುತ್ತಿದ್ದರು. ಅದನ್ನೇ ಹೇಳಿಕೊಡಲು ನಾನು ಸಂಬಳ ತೆಗೆದುಕೊಳ್ಳುತ್ತೇನೆ.

ಗಿರೀಶ ವಾಡಿಯಿಂದ ಏದುಸಿರು ಬಿಡುತ್ತ ಬಂದ. ಅತ್ತೆ ನಡೆದದ್ದನ್ನು ಹೇಳಿದರು. ನಾನು ಮಹಡಿಗೆ ಓಡಿದ ಭಾಗ ಬರುವುದನ್ನೇ ಕಾಯುತ್ತಿದ್ದೆ. "ರೋಹಿಣಿ ಗ್ಯಾಸ್ ಬಂದ್ ಮಾಡಿದ್ಲು, ಇಬ್ರೂ ಕೂಡಿ ಹೊರಗ ತಂದ್ವಿ" ಎಂದು ಮುಗಿಸಿಬಿಟ್ಟರು. ಸುಳ್ಳೇನೂ ಅಲ್ಲ. ಗಿರೀಶ ನನ್ನ ಭುಜ ಒತ್ತಿದ. ಮನೆಗೆ ಹೋದ ಮೇಲೆ ನಾನೇ ಅವನಿಗೆ ಆ ಭಾಗವನ್ನು ಹೇಳಿದೆ. ಅವನು "ಗಾಬರ್ಯಾಗ ಆಗತೈತಿ," ಎಂದ. ಕೈ ಮಾತ್ರ ಈ ಸಲ ಭುಜದ ಮೇಲೆ ಬರಲಿಲ್ಲ.

ಮಾವ ಚೇತರಿಸಿಕೊಂಡು ಮನೆಗೆ ಬಂದರು. ಗೀಸರ್ ಹೊರಗೋಡೆಗೆ ಹೋಯಿತು. ಬಾಗಿಲಿಗೆ ಹೊಸ ಚಿಲಕ ಹಾಕಿಸಲು ಅತ್ತೆ ಬಿಡಲಿಲ್ಲ. ಒಳಗಿದ್ದವರು ಬಾಗಿಲ ಮೇಲೆ ಟವೆಲ್ ನೇತುಹಾಕಬೇಕು. "ನಮ್ಮ ಬಚ್ಚಲಕ್ಕ ಕೀಲಿ ಇಲ್ಲವಾ, ಟಾವೆಲ್ ಐತಿ," ಎಂದು ಮಾವ ಬಂದವರಿಗೆಲ್ಲ ಹೇಳಿ ನಗುತ್ತಾರೆ. ಕಿತ್ತುಬಿದ್ದ ಚಿಲಕವನ್ನು ನಾನು ಮೂಲೆಯಿಂದ ಹೆಕ್ಕಿ ಮೇಲಕ್ಕೆ ತಂದೆ.

ಅದಕ್ಕಿಂತ ದೊಡ್ಡ ಬದಲಾವಣೆಯೆಂದರೆ ಅತ್ತೆ ಮಾವನ ಜೊತೆ ನೇರ ಮಾತಾಡತೊಡಗಿದ್ದು. ಮೊದಲ ದಿನ "ಏನ್ರಿ... ಚಹಾ" ಎಂದಾಗ ಮಾವ ಬೆಚ್ಚಿ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದರು. ನಾವೆಲ್ಲ ನಕ್ಕೆವು. "ರೂಟರ್ ರಿಟೈರ್ ಆತು," ಎಂದ ಗಿರೀಶ. ನಾನೂ ನಕ್ಕೆ. ಮೇಲೆ ಬಂದು ಕೋಣೆಯ ಬಾಗಿಲು ತೆರೆದಿಟ್ಟುಕೊಂಡು ಕೂತೆ. ಕೆಳಗೆ ಇಬ್ಬರ ತಡವರಿಸುವ ಮಾತು ಕೇಳುತ್ತಿತ್ತು. ವಾರಗಟ್ಟಲೆ ಯಾರೂ ನನ್ನ ಕೈಯಲ್ಲಿ ಒಂದು ಮಾತನ್ನೂ ಕೊಡಲಿಲ್ಲ. ಅದು ಕೋಪವಲ್ಲ, ನನ್ನ ಕೆಲಸಕ್ಕೆ ತೊಂದರೆ ಕೊಡಬಾರದೆಂದು. ಹಾಗೆಂದು ಅತ್ತೆಯೇ ಹೇಳಿದರು.

ಅಂದಿನ ತೊಡಕನ್ನು ಬಿಡಿಸಿದೆ. ಯಾರೇ ಆಗಲಿ ಎರಡು ಬೀಗಗಳನ್ನು ಒಂದೇ ಕ್ರಮದಲ್ಲಿ ಹಿಡಿಯಬೇಕು ಎಂದು ಮಾಡಿದರೆ ಮುಗಿಯಿತು, ಒಂದೆರಡು ಸಾಲಿನ ತಿದ್ದುಪಡಿ. ಎಲ್ಲರೂ ಹೊಗಳಿದರು. ಹೊಸದಾಗಿ ಸೇರಿದವಳೊಬ್ಬಳು ಕರೆಯಲ್ಲಿ, "ಮ್ಯಾಮ್, ಕಳಿಸಿದ್ದಕ್ಕೆ 'ಸರಿ' ಅಂತ ಬಂದರೆ ಮುಟ್ಟಿದ ಹಾಗೇ ತಾನೇ?" ಎಂದು ಕೇಳಿದಳು. ನನ್ನ ಗತ್ತಿನ ವಾಕ್ಯ ನಾಲಿಗೆಯ ತುದಿಗೆ ಬಂದು ಅಲ್ಲೇ ಒಣಗಿತು. "ಬೇರೆಯವರನ್ನ ಕೇಳು," ಎಂದುಬಿಟ್ಟೆ.

ಮೊನ್ನೆ ಬೆಳಿಗ್ಗೆ ಮೆಟ್ಟಿಲ ಬುಡದಿಂದ ಕೂಗು ಬಂತು.

"ರೋಹಿಣೀ! ಅವರಿಗೆ ಹೇಳು, ಅವಲಕ್ಕಿ ಮೆತ್ತಗಾಗತೈತಿ, ತಿನ್ನಾಕ ಬರಬೇಕಂತ."

ಫೋನು ಕೈಯಲ್ಲೇ ಇತ್ತು. ಬಿಟ್ಟು ಓಡಿದೆ. ಅತ್ತೆ ಊಟದ ಮೇಜಿನ ಹತ್ತಿರ ತಟ್ಟೆ ಹಿಡಿದು ನಿಂತಿದ್ದರು. ಮಾವ ಅವರ ಎದುರಿಗೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಪೇಪರ್ ಹಿಡಿದು ಕೂತಿದ್ದರು. ನಾನು ಮಾವನ ಮುಂದೆ ಹೋಗಿ ನಿಂತು, ಅರಸೀಕೆರೆಯ ಹುಡುಗಿಯ ಹಾಗೆ, ಒಂದು ಅಕ್ಷರ ಬಿಡದೆ ಒಪ್ಪಿಸಿದೆ. "ಅವಲಕ್ಕಿ ಮೆತ್ತಗಾಗತ್ತಂತೆ, ತಿನ್ನೋಕೆ ಬರಬೇಕಂತೆ ಮಾವ."

ಮಾವ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು, ಅತ್ತೆಯನ್ನು ನೋಡಿದರು. "ಹೂಂ, ಬಂದೆ ಅಂತ ಹೇಳವಾ," ಎಂದರು.

ಅತ್ತೆಯ ಕಡೆ ತಿರುಗಿದೆ. ಅವರು ತಲೆಯೆತ್ತಲಿಲ್ಲ. ಅವಲಕ್ಕಿಗೆ ಕೊತ್ತಂಬರಿ ಉದುರಿಸುತ್ತ, ಇದುವರೆಗೆ ಒಮ್ಮೆಯೂ ಕೇಳದಿದ್ದದ್ದನ್ನು ಕೇಳಿದರು.

"ಏನಂದ್ರು?"

"ಹೂಂ, ಬಂದೆ ಅಂದ್ರು ಅತ್ತೆ," ಅಂದೆ.

ಅತ್ತೆ ತಲೆಯಾಡಿಸಿ, ತಟ್ಟೆಯನ್ನು ಮೇಜಿನ ಮೇಲಿಟ್ಟರು.